ವೀಸಾ ಹತ್ತು ವರ್ಷದ್ದು, ವಾಸ ಎಷ್ಟು ದಿನದ್ದು?

ಮಗಳ ಬಾಣಂತನಕ್ಕೆ, ಮೊಮ್ಮಗನ ಹುಟ್ಟುಹಬ್ಬಕ್ಕೆ ವಿಮಾನ ಹತ್ತಲಿರುವ ಅಮ್ಮಂದಿರೇ, ಪಾಸ್‌ಪೋರ್ಟಿನಲ್ಲಿ ‘ಮಲ್ಟಿಪಲ್ ಎಂಟ್ರಿ’ ವೀಸಾ ಬಿದ್ದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಆ ಎರಡು ಪದಗಳ ಪೂರ್ತಿ ಅರ್ಥ ಏನು? ಈಚಿನ ವರ್ಷಗಳಲ್ಲಿ ಬದಲಾದದ್ದು ಏನು? ನೀವು ಎಲ್ಲಿ ಎಚ್ಚರ ವಹಿಸಬೇಕು? ಇಲ್ಲಿದೆ ವಿವರ.

ಜಯನಗರ, ಮಲ್ಲೇಶ್ವರ, ಮೈಸೂರಿನ ಕುವೆಂಪುನಗರ... ಯಾವ ಬಡಾವಣೆಗೆ ಹೋದರೂ ಬೀದಿಗೊಂದು ಬೀಗ ಹಾಕಿದ ಮನೆ ಇದ್ದೇ ಇರುತ್ತದೆ. ಅಂಗಳದ ತುಳಸಿಗೆ ಪಕ್ಕದ ಮನೆಯವರು ನೀರು ಹಾಕುತ್ತಿರುತ್ತಾರೆ. ‘ಎಲ್ಲಿ, ಅವರು ಕಾಣಿಸ್ತಾನೇ ಇಲ್ವಲ್ಲ?’ ಅಂತ ಕೇಳಿದರೆ, ‘ಮಗಳ ಮನೆಗೆ ಹೋಗಿದ್ದಾರೆ, ಬರೋದು ದೀಪಾವಳಿಗೆ’ ಎಂಬ ಉತ್ತರ. ಹಿಂದೆಲ್ಲ ಮಗಳ ಮನೆ ಎಂದರೆ ಶಿವಮೊಗ್ಗವೋ ದಾವಣಗೆರೆಯೋ ಆಗಿರುತ್ತಿತ್ತು. ಈಗ ಅದು ಸ್ಯಾನ್ ಹೋಸೆ, ಡಲ್ಲಾಸ್, ಟೊರಾಂಟೊ, ಮ್ಯೂನಿಕ್, ಮೆಲ್ಬರ್ನ್!

ದಾವಣಗೆರೆಗೆ ಬಸ್ ಟಿಕೆಟ್ ಸಾಕಿತ್ತು. ಎಷ್ಟು ದಿನ ಇರಬೇಕು ಅನ್ನೋದನ್ನು ಬಾಣಂತಿಯ ಆರೋಗ್ಯ, ಮಗುವಿನ ನಿದ್ದೆ, ಇಲ್ಲಿ ಒಬ್ಬರೇ ಅನ್ನ-ಸಾರು ಮಾಡಿಕೊಂಡು ತಿನ್ನುವ ಯಜಮಾನರ ತಾಳ್ಮೆ ನಿರ್ಧರಿಸುತ್ತಿದ್ದವು. ಈಗ ಅದನ್ನು ನಿರ್ಧರಿಸುವುದು ದೂರದ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತ ಒಬ್ಬ ಅಧಿಕಾರಿ.

ಹಾಗಂತ ಹೋಗದೆ ಇರಲು ಆಗುತ್ತದೆಯೇ? ನಮ್ಮಲ್ಲಿ 2017ರ ತಿದ್ದುಪಡಿಯ ನಂತರ ಉದ್ಯೋಗಸ್ಥ ತಾಯಿಗೆ 26 ವಾರಗಳ ಸಂಬಳಸಹಿತ ಹೆರಿಗೆ ರಜೆ ಇದೆ. ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವಂಥ ಸಂಬಳಸಹಿತ ಹೆರಿಗೆ ರಜೆಯೇ ಇಲ್ಲ! 1993ರ ಕಾನೂನು ಕೊಡುವುದು 12 ವಾರಗಳ ಸಂಬಳವಿಲ್ಲದ ರಜೆ ಮಾತ್ರ, ಅದೂ ಎಲ್ಲ ನೌಕರರಿಗೂ ಸಿಗುವುದಿಲ್ಲ. ಕೆಲವು ರಾಜ್ಯಗಳು, ಕಂಪನಿಗಳು ತಾವಾಗಿ ಹೆಚ್ಚು ಕೊಡುತ್ತವೆ, ನಿಜ. ಉಳಿದವರು ಮೂರು ತಿಂಗಳ ಹಸುಗೂಸನ್ನು ಬಿಟ್ಟು ಕೆಲಸಕ್ಕೆ ಮರಳಬೇಕು. ಮಗು ನೋಡಿಕೊಳ್ಳುವ ಕೇಂದ್ರಗಳೋ ಬಲು ದುಬಾರಿ. ಆಗ ಬರುತ್ತದೆ ಫೋನು: ‘ಅಮ್ಮಾ, ಯಾವಾಗ ಬರ್ತೀಯಾ?’

ಕಾನೂನಿನ ಕಣ್ಣಿಗೆ ನೀವು ‘ಪ್ರವಾಸಿ’. ಆ ಮನೆಗೆ ನೀವು ಆಧಾರಸ್ತಂಭ. ಈ ಎರಡರ ನಡುವಿನ ಅಂತರದಲ್ಲೇ ಎಲ್ಲ ತೊಡಕು ಇರುವುದು. ಅದಕ್ಕೇ ಹೊರಡುವವರು ನಿಯಮವನ್ನು ಮಕ್ಕಳಿಗೆ ಬಿಟ್ಟು ಸುಮ್ಮನಿರದೆ ತಾವೇ ತಿಳಿದುಕೊಂಡಿರಬೇಕು.

ಬಾಗಿಲ ಕೀಲಿ ಬೇರೆ, ಇರುವ ದಿನ ಬೇರೆ

ನಮ್ಮವರು ಹೆಚ್ಚಾಗಿ ಹೋಗುವುದು ಅಮೆರಿಕಕ್ಕೆ. ಅಲ್ಲಿಂದಲೇ ಶುರು ಮಾಡೋಣ. ಅಲ್ಲಿಗೆ ಹೋಗುವ ತಂದೆತಾಯಿಗೆ ಸಿಗುವುದು ಬಿ1/ಬಿ2 ವೀಸಾ. ಭಾರತೀಯರಿಗೆ ಇದನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ, ಮಲ್ಟಿಪಲ್ ಎಂಟ್ರಿ ಎಂದೇ ಕೊಡುತ್ತಾರೆ. ಅಂದರೆ ಈ ಹತ್ತು ವರ್ಷದಲ್ಲಿ ಎಷ್ಟು ಸಲ ಬೇಕಾದರೂ ಹೋಗಿ ಬಾಗಿಲು ತಟ್ಟಬಹುದು. ಒಳಗೆ ಎಷ್ಟು ದಿನ ಇರಬಹುದು ಎಂಬುದನ್ನು ವೀಸಾ ಹೇಳುವುದೇ ಇಲ್ಲ!

ಅದನ್ನು ಹೇಳುವುದು ಐ-94 ಎಂಬ ದಾಖಲೆ. ವಿಮಾನ ಇಳಿದ ಮೇಲೆ ವಲಸೆ ಅಧಿಕಾರಿ ನಿಮ್ಮನ್ನು ಮಾತಾಡಿಸಿ, ಇಂಥ ದಿನದವರೆಗೆ ಇರಬಹುದು ಎಂದು ದಾಖಲಿಸುತ್ತಾರೆ. ಸಾಮಾನ್ಯವಾಗಿ ಆರು ತಿಂಗಳು. ಹಿಂದೆ ಇದು ಪಾಸ್‌ಪೋರ್ಟಿಗೆ ಪಿನ್ನು ಹೊಡೆದ ಬಿಳಿ ಚೀಟಿಯಾಗಿತ್ತು. 2013ರಿಂದ ವಿಮಾನದಲ್ಲಿ ಬಂದವರಿಗೆ ಅದು ಕಂಪ್ಯೂಟರಿನಲ್ಲಿ ಮಾತ್ರ. ಕೈಯಲ್ಲಿ ಚೀಟಿ ಇಲ್ಲವಾದ್ದರಿಂದ ಎಷ್ಟೋ ಅಮ್ಮಂದಿರಿಗೆ ಅಂಥದ್ದೊಂದು ಇದೆ ಎಂಬುದೇ ಗೊತ್ತಿಲ್ಲ.

ಆದ್ದರಿಂದ ಅಲ್ಲಿ ತಲುಪಿದ ವಾರದೊಳಗೆ ಮಗನಿಗೋ ಮಗಳಿಗೋ ಹೇಳಿ ಅಮೆರಿಕ ಸರ್ಕಾರದ ಐ-94 ತಾಣದಿಂದ ನಿಮ್ಮ ದಾಖಲೆ ಪ್ರಿಂಟ್ ತೆಗೆಸಿ. ಕೊನೆಯ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ ಬರೆದಿಡುವ ನಮಗೆ ಇದೇನು ಕಷ್ಟವೇ?

ಗಂಡ-ಹೆಂಡತಿ ಇಬ್ಬರೂ ಹೋಗಿದ್ದರೆ ಇಬ್ಬರದ್ದನ್ನೂ ಬೇರೆಬೇರೆಯಾಗಿ ನೋಡಿ. ಒಂದೇ ವಿಮಾನದಲ್ಲಿ ಬಂದಿದ್ದೇವೆ, ದಿನಾಂಕವೂ ಒಂದೇ ಇರುತ್ತದೆ ಎಂದು ಊಹಿಸಬೇಡಿ.

ಲೆಕ್ಕ ತಪ್ಪಿದರೆ...

‘ಒಂದೆರಡು ವಾರ ಹೆಚ್ಚಾದರೆ ಏನಾಗುತ್ತೆ ಬಿಡಿ, ಮಗುವಿನ ಅನ್ನಪ್ರಾಶನ ಮುಗಿಸಿಕೊಂಡೇ ಹೋಗಿ’ ಎಂದು ಬೀಗರು ಒತ್ತಾಯಿಸಬಹುದು. ದಯವಿಟ್ಟು ಒಪ್ಪಬೇಡಿ. ಐ-94 ಕೊಟ್ಟ ದಿನ ಮೀರಿ ಒಂದೇ ದಿನ ಉಳಿದರೂ ಕಾನೂನಿನ ಪ್ರಕಾರ ಆ ಹತ್ತು ವರ್ಷದ ವೀಸಾ ಅಲ್ಲಿಗೇ ಅಸಿಂಧು. 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ಹೊರಬಂದವರಿಗೆ ಮೂರು ವರ್ಷ ಪ್ರವೇಶವಿಲ್ಲ. ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಉಳಿದವರಿಗೆ ಹತ್ತು ವರ್ಷ ಇಲ್ಲ. ಹತ್ತು ವರ್ಷದಲ್ಲಿ ಮೊಮ್ಮಗು ನಾಲ್ಕನೇ ಕ್ಲಾಸು ದಾಟಿರುತ್ತದೆ!

ನಿಜವಾಗಿಯೂ ಇನ್ನಷ್ಟು ದಿನ ಇರಲೇಬೇಕಾದ ಕಾರಣ ಬಂದರೆ ದಾರಿ ಇದೆ. ಮಗಳಿಗೆ ಆಪರೇಷನ್ ಆಗಿದೆ, ಮಗು ಅವಧಿಗೆ ಮುಂಚೆ ಹುಟ್ಟಿದೆ, ನಿಮಗೇ ಹುಷಾರಿಲ್ಲದೆ ಪ್ರಯಾಣ ಬೇಡವೆಂದು ವೈದ್ಯರು ಹೇಳಿದ್ದಾರೆ ಎಂಬಂಥ ಕಾರಣಗಳು. ಐ-539 ಎಂಬ ಅರ್ಜಿ ಹಾಕಿ ಅವಧಿ ವಿಸ್ತರಣೆ ಕೇಳಬಹುದು. ಐ-94 ಮುಗಿಯುವ ಮುನ್ನವೇ ಅರ್ಜಿ ಸಲ್ಲಿಕೆಯಾಗಿರಬೇಕು. ಕಡೇಪಕ್ಷ 45 ದಿನ ಮುಂಚೆ ಹಾಕಿ ಎಂಬುದು ಅಲ್ಲಿನ ಇಲಾಖೆಯದೇ ಸಲಹೆ. ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ಸಿಕ್ಕೇ ಸಿಗುತ್ತದೆ ಅಂತಲ್ಲ. ತಿರಸ್ಕಾರವಾದರೆ ತಕ್ಷಣ ಹೊರಡಬೇಕು. ಮನೆಯಲ್ಲಿ ಕೆಲಸವಿದೆ, ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲ ಎಂಬ ಕಾರಣ ಅಲ್ಲಿ ಹೆಚ್ಚು ತೂಗುವುದಿಲ್ಲ.

ಪದೇ ಪದೇ ಹೋದರೆ?

‘ಮಲ್ಟಿಪಲ್ ಎಂಟ್ರಿ ಇದೆಯಲ್ಲ, ಆರು ತಿಂಗಳಿದ್ದು ಒಂದು ತಿಂಗಳು ಬೆಂಗಳೂರಿಗೆ ಬಂದು ಮತ್ತೆ ಆರು ತಿಂಗಳು ಹೋದರಾಯ್ತು’ ಎಂಬ ಲೆಕ್ಕಾಚಾರ ನಮ್ಮಲ್ಲಿ ಹಲವರದು. ವರ್ಷಕ್ಕೆ ಇಷ್ಟೇ ಸಲ ಬರಬೇಕು ಎಂಬ ನಿಯಮ ಅಮೆರಿಕದಲ್ಲಿ ಇಲ್ಲ. ಆದರೆ ಪ್ರತಿ ಸಲವೂ ಕೌಂಟರಿನಲ್ಲಿರುವ ಅಧಿಕಾರಿಗೆ ‘ಇವರು ಭೇಟಿಗೆ ಬಂದಿದ್ದಾರೆ, ಮನೆ ಭಾರತದಲ್ಲಿದೆ’ ಎಂದು ಮನವರಿಕೆ ಆಗಬೇಕು. ಹೋದ ಸಲ ಆರು ತಿಂಗಳು ಪೂರ್ತಿ ಇದ್ದು, ತಿಂಗಳೊಳಗೆ ಮತ್ತೆ ಬಂದಿದ್ದರೆ ‘ಏಕೆ ಇಷ್ಟು ಬೇಗ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಸಮಾಧಾನ ತರದಿದ್ದರೆ ಇರುವ ಅವಧಿಯನ್ನು ಕಡಿಮೆ ಮಾಡಬಹುದು, ವೀಸಾ ರದ್ದು ಮಾಡಿ ವಾಪಸು ಕಳಿಸಲೂಬಹುದು.

ಅಲ್ಲಿದ್ದಷ್ಟು ಕಾಲವಾದರೂ ಇಲ್ಲಿ ಇದ್ದು ಮತ್ತೆ ಹೋಗುವುದು ಅನುಭವಸ್ಥರು ಅನುಸರಿಸುವ ದಾರಿ. ಇದು ಕಾನೂನಲ್ಲ, ಜಾಣತನ. ಬಾಣಂತನಕ್ಕೆ ತಾಯಿ ಮೊದಲ ನಾಲ್ಕೈದು ತಿಂಗಳು, ನಂತರ ಅತ್ತೆ ಅಷ್ಟೇ ತಿಂಗಳು ಎಂದು ಬೀಗಿತ್ತಿಯರಿಬ್ಬರೂ ಕೂತು ಮಾತಾಡಿ ಹಂಚಿಕೊಂಡರೆ ಮಗುವಿಗೂ ಆಸರೆ, ಯಾರ ವೀಸಾಗೂ ಕುತ್ತಿಲ್ಲ.

ಇನ್ನೊಂದು ಮಾತು. ನಿಮ್ಮ ಮೊಮ್ಮಗುವನ್ನು ನೀವು ಎತ್ತಿ ಆಡಿಸುವುದು, ಮನೆಮಂದಿಗೆ ಅಡುಗೆ ಮಾಡುವುದು ಅಜ್ಜಿಯ ಸಹಜ ಪ್ರೀತಿ. ಆದರೆ ಪಕ್ಕದ ಮನೆಯ ಮಗುವನ್ನು ಹಣ ಪಡೆದು ನೋಡಿಕೊಳ್ಳುವುದು, ಪರಿಚಯದವರಿಗೆ ಹೋಳಿಗೆ-ಚಕ್ಕುಲಿ ಮಾಡಿ ಮಾರುವುದು, ಊಟದ ಡಬ್ಬಿ ಕಳಿಸುವುದು ಇವೆಲ್ಲ ‘ಕೆಲಸ’. ಪ್ರವಾಸಿ ವೀಸಾದಲ್ಲಿ ಇದಕ್ಕೆ ಅವಕಾಶವೇ ಇಲ್ಲ. ‘ಎಲ್ಲರೂ ಮಾಡ್ತಾರೆ’ ಎಂಬ ಮಾತು ನಂಬಿ ಕೈ ಹಾಕಬೇಡಿ.

ಈಚೆಗೆ ಏನು ಬದಲಾಯಿತು?

ಕೋವಿಡ್ ನಂತರ 2022ರಲ್ಲಿ ಭಾರತದ ಕೆಲವು ಕೇಂದ್ರಗಳಲ್ಲಿ ಅಮೆರಿಕದ ಪ್ರವಾಸಿ ವೀಸಾ ಸಂದರ್ಶನಕ್ಕೆ 500 ದಿನಕ್ಕೂ ಹೆಚ್ಚು ಕಾಯಬೇಕಿತ್ತು. ಮಗು ಹುಟ್ಟುವುದು ಒಂಬತ್ತು ತಿಂಗಳಿಗೆ, ಅಜ್ಜಿಗೆ ಸಂದರ್ಶನ ಹದಿನೇಳನೇ ತಿಂಗಳಿಗೆ! ಆಗ ಕೆಲವರು ಬ್ಯಾಂಕಾಕ್‌ಗೆ ಹೋಗಿ ಸಂದರ್ಶನ ಮುಗಿಸಿ ಬಂದರು. 2025ರ ಸೆಪ್ಟೆಂಬರ್‌ನಲ್ಲಿ ಆ ದಾರಿ ಮುಚ್ಚುತ್ತಾ ಬಂತು. ತಮ್ಮ ದೇಶದಲ್ಲಿ ಅಥವಾ ತಾವು ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕೆಂದು ಅಮೆರಿಕ ಹೇಳಿತು.

ಅದೇ ತಿಂಗಳು ಇನ್ನೊಂದು ಬದಲಾವಣೆಯೂ ಆಯಿತು. ಇದು ಹಿರಿಯರಿಗೆ ನೇರವಾಗಿ ತಟ್ಟುವಂಥದ್ದು. ಅದುವರೆಗೆ 79 ವರ್ಷ ದಾಟಿದವರಿಗೆ, 14ಕ್ಕಿಂತ ಚಿಕ್ಕ ಮಕ್ಕಳಿಗೆ ವಯಸ್ಸಿನ ಕಾರಣದಿಂದಲೇ ಸಂದರ್ಶನದ ವಿನಾಯಿತಿ ಇತ್ತು. 2025ರ ಸೆಪ್ಟೆಂಬರ್ 2ರಿಂದ ಅದನ್ನು ತೆಗೆದರು. ಹಳೆಯ ಬಿ1/ಬಿ2 ನವೀಕರಿಸುವವರಿಗೆ ಮಾತ್ರ ಒಂದು ರಿಯಾಯಿತಿ ಉಳಿಯಿತು. ಹಿಂದಿನ ಪೂರ್ಣಾವಧಿಯ ವೀಸಾ ಮುಗಿದು 12 ತಿಂಗಳೊಳಗೆ ಅರ್ಜಿ ಹಾಕಿದರೆ ಸಂದರ್ಶನವಿಲ್ಲದೆ ನವೀಕರಣಕ್ಕೆ ಅವಕಾಶವಿದೆ. ಕೋವಿಡ್ ಕಾಲದ ಸಡಿಲಿಕೆಯಲ್ಲಿ ಇದು 48 ತಿಂಗಳಿತ್ತು. ಆದ್ದರಿಂದ ‘ಮುಂದಿನ ಸಲ ಹೋಗುವಾಗ ನೋಡೋಣ’ ಅಂತ ಹಳೇ ವೀಸಾವನ್ನು ಬೀರುವಿನಲ್ಲಿಟ್ಟು ಮರೆಯಬೇಡಿ. ಈಗಲೇ ತೆಗೆದು ಮುಗಿಯುವ ದಿನಾಂಕ ನೋಡಿ.

ಶುಲ್ಕದ ಮಾತು. 2023ರ ಜೂನ್‌ನಲ್ಲಿ ಬಿ ವೀಸಾ ಅರ್ಜಿ ಶುಲ್ಕ 160ರಿಂದ 185 ಡಾಲರ್‌ಗೆ ಏರಿತು. ಅಂದರೆ ಒಬ್ಬರಿಗೆ ಹದಿನೈದು ಸಾವಿರ ರೂಪಾಯಿಗೂ ಮೇಲೆ. ವೀಸಾ ಸಿಗದಿದ್ದರೂ ಇದು ವಾಪಸು ಬರುವುದಿಲ್ಲ. 2025ರ ಜುಲೈ 4ರಂದು ಸಹಿಯಾದ ಕಾನೂನಿನಲ್ಲಿ ಇದರ ಮೇಲೆ 250 ಡಾಲರ್‌ಗಳ ‘ವೀಸಾ ಇಂಟೆಗ್ರಿಟಿ ಶುಲ್ಕ’ ಎಂಬುದನ್ನು ಸೇರಿಸಿದ್ದಾರೆ. ಇದು ವೀಸಾ ಮಂಜೂರಾದವರು ಕಟ್ಟಬೇಕಾದದ್ದು. ಹಣ ಹೊಂದಿಸುವಾಗ ಇದನ್ನೂ ಲೆಕ್ಕಕ್ಕೆ ಇಟ್ಟುಕೊಂಡು, ಅರ್ಜಿಯ ದಿನ ಅಧಿಕೃತ ತಾಣದಲ್ಲಿ ದರ ನೋಡಿಯೇ ಕಟ್ಟಿ. ಏಜೆಂಟ್ ಹೇಳಿದ ಮೊತ್ತವನ್ನು ಹಾಗೇ ನಂಬಬೇಡಿ.

ಬೆಂಗಳೂರಿನವರಿಗೆ ಬಹುಕಾಲದ ಕೊರಗೊಂದಿತ್ತು, ಐಟಿ ರಾಜಧಾನಿಯಲ್ಲಿ ಅಮೆರಿಕದ ದೂತಾವಾಸವೇ ಇಲ್ಲ ಅಂತ. 2025ರ ಜನವರಿ 17ರಂದು ಅದು ಉದ್ಘಾಟನೆಯಾಯಿತು. ಆದರೆ ವೀಸಾ ಸೇವೆ ಅಂದೇ ಶುರುವಾಗಲಿಲ್ಲ, ನಮ್ಮವರು ಚೆನ್ನೈ-ಹೈದರಾಬಾದ್‌ಗೆ ಓಡುವುದು ತಪ್ಪಲಿಲ್ಲ. ಬೆರಳಚ್ಚು-ಫೋಟೊಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ ಇರುತ್ತದೆ. ಮಂಡಿನೋವು, ಸಕ್ಕರೆ ಕಾಯಿಲೆ ಇರುವವರು ಎರಡೂ ಒಂದೇ ಊರಿನಲ್ಲಿ, ಹಿಂದೆಮುಂದಿನ ದಿನಗಳಲ್ಲಿ ಸಿಗುವಂತೆ ನೋಡಿಕೊಳ್ಳಿ. ಊರಿನ ಹೆಸರು ಖಾತ್ರಿಯಾದ ಮೇಲೇ ರೈಲು ಟಿಕೆಟ್ ಮಾಡಿಸಿ.

ಅರ್ಜಿ ತುಂಬುವವರು ಮಕ್ಕಳು, ಉತ್ತರಿಸುವವರು ನೀವು

ಇಲ್ಲಿದೆ ನೋಡಿ ಮುಖ್ಯ ವಿಷಯ. ಡಿಎಸ್-160 ಎಂಬ ಅರ್ಜಿಯನ್ನು ಸಾಮಾನ್ಯವಾಗಿ ಮಗನೋ ಅಳಿಯನೋ ಅಲ್ಲಿಂದಲೇ ರಾತ್ರಿ ಕೂತು ತುಂಬಿಬಿಡುತ್ತಾರೆ. ಅಮ್ಮನಿಗೆ ಕಳಿಸುವುದು ದೃಢೀಕರಣದ ಪುಟ ಒಂದನ್ನೇ. ಅರ್ಜಿಯಲ್ಲಿ ಎಷ್ಟು ದಿನ ಇರುತ್ತೇನೆ ಎಂದು ಬರೆದಿದ್ದಾರೆ, ಖರ್ಚು ಯಾರದು ಎಂದಿದ್ದಾರೆ, ಹಿಂದೆ ಬಂದುಹೋದ ದಿನ ಸರಿಯಾಗಿ ಬರೆದಿದ್ದಾರೆಯೇ ಅಮ್ಮನಿಗೆ ಗೊತ್ತಿರುವುದಿಲ್ಲ. ಅರ್ಜಿಯಲ್ಲಿ ‘ಎರಡು ತಿಂಗಳು’, ಕೌಂಟರಿನಲ್ಲಿ ಅಮ್ಮ ‘ಆರು ತಿಂಗಳು’! ಅಧಿಕಾರಿಗೆ ಅನುಮಾನ ಬರಲು ಇಷ್ಟು ಸಾಕು.

ಅರ್ಜಿ ನಿಮ್ಮದು, ಅದರಲ್ಲಿ ಹೇಳಿದ ಪ್ರತಿ ಮಾತಿಗೂ ಜವಾಬ್ದಾರಿ ನಿಮ್ಮದೇ. ಆದ್ದರಿಂದ ಸಲ್ಲಿಸುವ ಮುನ್ನ ಪೂರ್ತಿ ಅರ್ಜಿಯನ್ನು ಓದಿ ಹೇಳಿಸಿಕೊಳ್ಳಿ. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲಿ ಹೇಳಲಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳ ಬಗ್ಗೆಯೂ 2019ರಿಂದ ಪ್ರಶ್ನೆ ಇದೆ. ಖಾತೆ ಇದ್ದರೆ ಇದೆ ಎನ್ನಿ.

ಸಂದರ್ಶನ ಎರಡು ಮೂರು ನಿಮಿಷದ್ದು. ಅಮೆರಿಕದ ಕಾನೂನು ಪ್ರತಿ ಪ್ರವಾಸಿ ಅರ್ಜಿದಾರರನ್ನೂ ‘ಇವರು ಅಲ್ಲೇ ನೆಲೆಸಲು ಬರುವವರು’ ಎಂದೇ ಮೊದಲು ಭಾವಿಸುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ನಿಮ್ಮದು. ಇದೇ 214(ಬಿ) ಕಲಂ. ನಿಮ್ಮ ಮನೆ, ಯಜಮಾನರ ಪಿಂಚಣಿ, ಇಲ್ಲೇ ಇರುವ ಇನ್ನೊಬ್ಬ ಮಗ, ವಯಸ್ಸಾದ ಅತ್ತೆ, ನೀವು ನಡೆಸುವ ಸಂಗೀತ ಪಾಠ ಇವೇ ನಿಮ್ಮ ಬೇರುಗಳು. ಕೇಳಿದರೆ ಸಹಜವಾಗಿ ಹೇಳಿ. ದಾಖಲೆಗಳ ಫೈಲು ಜೊತೆಗಿರಲಿ, ಕೇಳಿದರೆ ಮಾತ್ರ ಕೊಡಿ. ಇಂಗ್ಲಿಷ್ ತಡವರಿಸುವಂತಿದ್ದರೆ ಮೊದಲೇ ಹೇಳಿ ದುಭಾಷಿಯ ಸಹಾಯ ಕೇಳಬಹುದು, ಅದರಲ್ಲಿ ನಾಚಿಕೆಯೇನೂ ಇಲ್ಲ.

‘ಡೆಲಿವರಿ ಅಂತ ಹೇಳ್ಬೇಡಿ, ಡಿಸ್ನಿಲ್ಯಾಂಡ್ ನೋಡೋಕೆ ಅನ್ನಿ’ ಎಂದು ಕಿವಿಯಲ್ಲಿ ಊದುವ ಸಲಹೆಗಾರರು ಬೀದಿಗೊಬ್ಬರಿದ್ದಾರೆ. ಕೇಳಲೇಬೇಡಿ. ಮಗಳ ಹೆರಿಗೆ ಸಮಯದಲ್ಲಿ ಜೊತೆಗಿರಲು ಹೋಗುವುದು ಅಪರಾಧವಲ್ಲ. ಸುಳ್ಳು ಹೇಳಿದ್ದು ಸಾಬೀತಾದರೆ ಮಾತ್ರ ಶಾಶ್ವತವಾಗಿ ಪ್ರವೇಶ ನಿಷೇಧ ಆಗಬಹುದು. 214(ಬಿ) ನಿರಾಕರಣೆಯಾದರೆ ಪರಿಸ್ಥಿತಿ ಬದಲಾದ ಮೇಲೆ ಮತ್ತೆ ಅರ್ಜಿ ಹಾಕಬಹುದು. ಸುಳ್ಳಿನ ಕಲೆ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಹೆಸರಿನ ಪೇಚು

ಇದು ನಮ್ಮ ರಾಜ್ಯದ ಹೆಂಗಸರಿಗೆ ಹೆಚ್ಚಾಗಿ ಕಾಡುವ ಸಮಸ್ಯೆ. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೇ ಇಲ್ಲ. ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಪಾಸ್‌ಪೋರ್ಟಿನಲ್ಲಿ ಬರೀ ‘ಲಲಿತಮ್ಮ’! ಅಮೆರಿಕದ ವೀಸಾದಲ್ಲಿ ಒಂದೇ ಹೆಸರಿದ್ದರೆ ಅದನ್ನು ಮನೆತನದ ಹೆಸರಿನ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರೆಯುತ್ತಾರೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಗಾಬರಿ ಬೇಡ. ಆದರೆ ವಿಮಾನ ಟಿಕೆಟ್ ಮಾಡಿಸುವಾಗ ಒಂದೇ ಹೆಸರಿನವರು ಹೇಗೆ ನಮೂದಿಸಬೇಕೆಂದು ವಿಮಾನ ಕಂಪನಿಯನ್ನು ಕೇಳಿಯೇ ಮುಂದುವರಿಯಿರಿ.

ದುಬೈ ಕಡೆ ಹೋಗುವವರಿಗೆ ಇದು ಇನ್ನೂ ಗಂಭೀರ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆದೀತು ಎಂದು ಸಡಿಲಿಸಿತು. ಹೇಗೂ ಪಾಸ್‌ಪೋರ್ಟ್ ನವೀಕರಣಕ್ಕೆ ಬಂದಿದ್ದರೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೆಸರನ್ನು ಎರಡು ಭಾಗವಾಗಿ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಬೇರೆ ದೇಶಗಳಲ್ಲಿ ಹೇಗೆ?

ಅಜ್ಜಿ-ತಾತಂದಿರ ಅಗತ್ಯವನ್ನು ಕೆಲವು ದೇಶಗಳು ಬಾಯಿಬಿಟ್ಟು ಒಪ್ಪಿಕೊಂಡಿವೆ. ಅಮೆರಿಕ ಇನ್ನೂ ಆ ಹಾದಿಗೆ ಬಂದಿಲ್ಲ.

ಕೆನಡಾ: ಇಲ್ಲಿ ತಂದೆತಾಯಿ, ಅಜ್ಜಿ-ತಾತಂದಿರಿಗೆಂದೇ 2011ರ ಡಿಸೆಂಬರ್‌ನಿಂದ ‘ಸೂಪರ್ ವೀಸಾ’ ಇದೆ. ಹತ್ತು ವರ್ಷದವರೆಗೆ ಮಲ್ಟಿಪಲ್ ಎಂಟ್ರಿ. 2022ರ ಜುಲೈನಿಂದ ಒಂದು ಸಲ ಹೋದರೆ ಐದು ವರ್ಷದವರೆಗೂ ಇರಬಹುದು. ಮಗ ಅಥವಾ ಮಗಳು ಅಲ್ಲಿನ ಪ್ರಜೆ ಇಲ್ಲವೇ ಕಾಯಂ ನಿವಾಸಿ ಆಗಿರಬೇಕು, ನಿಗದಿತ ಆದಾಯ ತೋರಿಸಬೇಕು. ನಿಮಗೆ ವೈದ್ಯಕೀಯ ತಪಾಸಣೆ, ಕನಿಷ್ಠ ಒಂದು ಲಕ್ಷ ಕೆನಡಾ ಡಾಲರ್‌ಗಳ ಆರೋಗ್ಯ ವಿಮೆ ಕಡ್ಡಾಯ. ಮಾಮೂಲಿ ಪ್ರವಾಸಿ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳು. 2024ರ ನವೆಂಬರ್‌ನಿಂದ ಈ ಮಾಮೂಲಿ ವೀಸಾವನ್ನು ಎಲ್ಲರಿಗೂ ಹತ್ತು ವರ್ಷಕ್ಕೆ ಕೊಡುವ ರೂಢಿಯನ್ನು ಕೆನಡಾ ಕೈಬಿಟ್ಟಿದೆ.

ಬ್ರಿಟನ್: ಎರಡು, ಐದು, ಹತ್ತು ವರ್ಷದ ಭೇಟಿ ವೀಸಾ ಸಿಗುತ್ತದೆ. ಪ್ರತಿ ಭೇಟಿಗೆ ಹೆಚ್ಚೆಂದರೆ ಆರು ತಿಂಗಳು. ಮೇಲಿಂದ ಮೇಲೆ ಬಂದು ಬ್ರಿಟನ್ನನ್ನೇ ಮನೆ ಮಾಡಿಕೊಳ್ಳುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಮೊಮ್ಮಗುವನ್ನು ನೋಡಿಕೊಳ್ಳಲು ಅಲ್ಪಕಾಲ ಬರಬಹುದು, ಆದರೆ ಅದು ಆಯಾ ಕೆಲಸದಂತೆ ಇರಬಾರದು.

ಯುರೋಪಿನ ಷೆಂಗೆನ್ ದೇಶಗಳು: ಜರ್ಮನಿ, ನೆದರ್‌ಲ್ಯಾಂಡ್ಸ್, ಸ್ವೀಡನ್ ಮುಂತಾದ ಕಡೆ ಮಕ್ಕಳಿರುವವರು ಗಮನಿಸಿ. ವೀಸಾ ಎಷ್ಟು ವರ್ಷದ್ದೇ ಇರಲಿ, ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಬಂದ ದಿನ, ಹೋದ ದಿನ ಎರಡೂ ಲೆಕ್ಕಕ್ಕೆ. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗೆ ಒಂದು ಅನುಕೂಲವಾಯಿತು. ಹಿಂದಿನ ಮೂರು ವರ್ಷದಲ್ಲಿ ಎರಡು ವೀಸಾ ಪಡೆದು ಸರಿಯಾಗಿ ಬಳಸಿದ್ದರೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ, ಅದಾದ ಮೇಲೆ ಐದು ವರ್ಷದ್ದು ಸಿಗುವ ಹಾದಿ ತೆರೆಯಿತು. 2025ರ ಅಕ್ಟೋಬರ್‌ನಿಂದ ಮುದ್ರೆಯ ಬದಲು ಬೆರಳಚ್ಚು, ಫೋಟೊ ದಾಖಲಿಸುವ ಕಂಪ್ಯೂಟರ್ ವ್ಯವಸ್ಥೆ ಹಂತ ಹಂತವಾಗಿ ಬಂದಿದೆ. ಮಸುಕು ಮುದ್ರೆಯ ನೆಪ ಇನ್ನು ನಡೆಯದು!

ಆಸ್ಟ್ರೇಲಿಯಾ: ಮಾಮೂಲಿ ಭೇಟಿ ವೀಸಾ 600ರ ಪತ್ರದಲ್ಲಿ ಷರತ್ತುಗಳ ಸಂಖ್ಯೆ ಇರುತ್ತದೆ, ಓದಿ. 8503 ಎಂದಿದ್ದರೆ ಅಲ್ಲಿದ್ದುಕೊಂಡೇ ಅವಧಿ ಮುಂದುವರಿಸಲು ಸಾಮಾನ್ಯವಾಗಿ ಆಗದು. 8558 ಎಂದಿದ್ದರೆ ಯಾವುದೇ 18 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ತಂದೆತಾಯಿಗೆಂದೇ 2019ರಲ್ಲಿ ಶುರುವಾದ 870 ವೀಸಾದಲ್ಲಿ ಮೂರು ಅಥವಾ ಐದು ವರ್ಷ ಇರಬಹುದು, ಆದರೆ ಶುಲ್ಕ ಬಹಳ ಹೆಚ್ಚು.

ನ್ಯೂಜಿಲೆಂಡ್: ಇಲ್ಲಿ 2025ರ ಸೆಪ್ಟೆಂಬರ್ ಕೊನೆಯಲ್ಲಿ ‘ಪೇರೆಂಟ್ ಬೂಸ್ಟ್’ ಹೆಸರಿನ ಐದು ವರ್ಷದ ಮಲ್ಟಿಪಲ್ ಎಂಟ್ರಿ ವೀಸಾ ಆರಂಭವಾಯಿತು. ಇದಕ್ಕೂ ಆರೋಗ್ಯ ವಿಮೆ ಬೇಕೇ ಬೇಕು.

ಈ ಹೊಸ ವೀಸಾಗಳಲ್ಲಿ ಒಂದು ಸಾಮಾನ್ಯ ಅಂಶ ಗಮನಿಸಿದಿರಾ? ‘ಬನ್ನಿ, ಇರಿ, ನಮ್ಮ ಮಕ್ಕಳನ್ನು ನೋಡಿಕೊಳ್ಳಿ. ನಿಮ್ಮ ಕಾಯಿಲೆಯ ಖರ್ಚು ಮಾತ್ರ ನಮಗೆ ಬೇಡ’ ಎಂಬುದೇ ಎಲ್ಲದರ ಒಳದನಿ. ಅಜ್ಜಿಯ ದುಡಿಮೆಗೆ ಯಾವ ದೇಶದ ಲೆಕ್ಕದಲ್ಲೂ ಬೆಲೆ ಇಲ್ಲ. ಅದರಿಂದಾಗಿ ತಾಯಿ ಕೆಲಸಕ್ಕೆ ಮರಳಿ ತೆರಿಗೆ ಕಟ್ಟುವುದು ಮಾತ್ರ ಲೆಕ್ಕಕ್ಕೆ ಬರುತ್ತದೆ! ಆದ್ದರಿಂದ ನಿಮ್ಮ ಆರೋಗ್ಯದ ವಿಷಯವನ್ನು ನೀವೇ ಮುಂಚಿತವಾಗಿ ಮಾತಾಡಬೇಕು. ಅಮೆರಿಕದ ವೀಸಾಗೆ ವಿಮೆ ಕಡ್ಡಾಯವಲ್ಲ, ಆದರೂ ಅದಿಲ್ಲದೆ ಹೋಗಬೇಡಿ. ಬಿಪಿ, ಸಕ್ಕರೆ, ಹೃದಯದ ತೊಂದರೆ ಮೊದಲೇ ಇದ್ದರೆ ಪಾಲಿಸಿಯಲ್ಲಿ ಅದಕ್ಕೆ ಎಷ್ಟು ಸಿಗುತ್ತದೆ, ಎಷ್ಟು ಸಿಗುವುದಿಲ್ಲ ಎಂದು ಕೇಳಿ ತಿಳಿದುಕೊಂಡೇ ಕೊಳ್ಳಿ.

ನೀವು ಕೇಳುವ ಪ್ರಶ್ನೆಗಳು

* ಹತ್ತು ವರ್ಷದ ವೀಸಾ ಹಳೆಯ ಪಾಸ್‌ಪೋರ್ಟಿನಲ್ಲಿದೆ. ಹೊಸ ಪಾಸ್‌ಪೋರ್ಟ್ ಬಂದಿದೆ. ಮತ್ತೆ ವೀಸಾ ಮಾಡಿಸಬೇಕೇ?

ಅಮೆರಿಕದ ವೀಸಾ ಆಗಿದ್ದು, ಹಾಳಾಗಿರದೆ ಅವಧಿ ಉಳಿದಿದ್ದರೆ ಬೇಡ. ಎರಡೂ ಪಾಸ್‌ಪೋರ್ಟುಗಳನ್ನು ಒಟ್ಟಿಗೆ ಒಯ್ಯಿರಿ.

* ಅಲ್ಲಿರುವಾಗಲೇ ವೀಸಾ ಅವಧಿ ಮುಗಿದರೆ?

ಅಮೆರಿಕದಲ್ಲಿ ನೋಡಬೇಕಾದದ್ದು ಐ-94 ದಿನಾಂಕ. ಅದು ಉಳಿದಿದ್ದರೆ ತೊಂದರೆಯಿಲ್ಲ. ಮುಂದಿನ ಸಲಕ್ಕೆ ಹೊಸ ವೀಸಾ ಬೇಕಾಗುತ್ತದೆ.

* ಮಗ ಅಮೆರಿಕದ ಪ್ರಜೆ. ಈ ಓಡಾಟವೇ ಬೇಡ, ಗ್ರೀನ್ ಕಾರ್ಡ್ ಮಾಡಿಸ್ತೀನಿ ಅಂತಾನೆ. ಮಾಡಿಸಲೇ?

21 ತುಂಬಿದ ಪ್ರಜೆ ತಂದೆತಾಯಿಗಾಗಿ ಅರ್ಜಿ ಹಾಕಬಹುದು. ಆದರೆ ಗ್ರೀನ್ ಕಾರ್ಡ್ ಇರುವುದು ಅಲ್ಲೇ ನೆಲೆಸುವವರಿಗೆ. ವರ್ಷದ ಬಹುಪಾಲು ಇಲ್ಲಿದ್ದು ಆಗೀಗ ಹೋಗಿಬಂದರೆ ಅದನ್ನು ಕಳೆದುಕೊಳ್ಳುವ ಸಂಭವವಿದೆ. ಅರ್ಜಿ ಹಾಕಿದ ಮೇಲೆ ಪ್ರವಾಸಿ ವೀಸಾ ಸಿಗುವುದೂ ಕಷ್ಟವಾಗಬಹುದು, ಏಕೆಂದರೆ ನೆಲೆಸುವ ಇಚ್ಛೆ ದಾಖಲೆಯಾಗಿರುತ್ತದೆ. ‘ನನ್ನ ಮುಂದಿನ ಜೀವನ ಎಲ್ಲಿ?’ ಎಂದು ನೀವು ತೀರ್ಮಾನಿಸಿದ ಮೇಲೆ ಸಹಿ ಹಾಕಿ. ಮಗನ ಅನುಕೂಲ ನೋಡಿ ಮಾತ್ರ ಹಾಕಬೇಡಿ.

* ಯಜಮಾನರು ತೀರಿಕೊಂಡಿದ್ದಾರೆ, ನಾನೊಬ್ಬಳೇ. ವೀಸಾ ಕೊಡುತ್ತಾರಾ?

ಒಂಟಿ ಎಂಬ ಕಾರಣಕ್ಕೇ ನಿರಾಕರಿಸಬೇಕೆಂಬ ನಿಯಮವಿಲ್ಲ. ನಿಮ್ಮ ಹೆಸರಿನ ಮನೆ, ಕುಟುಂಬ ಪಿಂಚಣಿ, ಠೇವಣಿ, ಇಲ್ಲಿರುವ ಇತರ ಮಕ್ಕಳ ವಿವರ ಸಿದ್ಧವಿರಲಿ. ಹಿಂದೆ ಹೋಗಿ ಸರಿಯಾದ ಸಮಯಕ್ಕೆ ಮರಳಿದ್ದರೆ ಅದೇ ದೊಡ್ಡ ಸಾಕ್ಷಿ.

ಹೊರಡುವ ಮುನ್ನ ನೆನಪಿರಲಿ

* ಪಾಸ್‌ಪೋರ್ಟ್ ಕನಿಷ್ಠ ಆರು ತಿಂಗಳು ಅವಧಿ ಉಳಿದಿರಲಿ. ಅಲ್ಲಿಗೆ ಹೋದ ಮೇಲೂ ಅದು ನಿಮ್ಮ ಬಳಿಯೇ ಇರಲಿ.

* ವಾಪಸು ಟಿಕೆಟನ್ನು ಐ-94 ಮುಗಿಯುವ ಕೊನೆಯ ದಿನಕ್ಕೆ ಮಾಡಿಸಬೇಡಿ. ವಿಮಾನ ರದ್ದಾದರೂ ತೊಂದರೆಯಾಗದಂತೆ ಎರಡು ವಾರ ಮುಂಚಿತವಾಗಿರಲಿ.

* ಮಾತ್ರೆಗಳನ್ನು ಅಂಗಡಿಯ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಂದಿಗೆ ಒಯ್ಯಿರಿ.

* ಕುಟುಂಬ ಪಿಂಚಣಿ ಪಡೆಯುವವರು ನವೆಂಬರ್‌ನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರದ ವ್ಯವಸ್ಥೆ ಮಾಡಿಕೊಂಡೇ ಹೊರಡಿ.

* ‘ವೀಸಾ ಗ್ಯಾರಂಟಿ’ ಎನ್ನುವ ಏಜೆಂಟರಿಂದ ದೂರವಿರಿ. ವೀಸಾ ಕೊಡುವ ಅಧಿಕಾರ ಅವರಿಗಿಲ್ಲ.

* ಎಷ್ಟು ದಿನ ಇರುತ್ತೀರಿ, ಮನೆಯ ಯಾವ ಕೆಲಸಗಳು ನಿಮ್ಮ ಪಾಲಿಗೆ, ವಾರದಲ್ಲಿ ಒಂದು ದಿನವಾದರೂ ನಿಮಗೆ ಬಿಡುವುಂಟೇ ಎಂಬುದನ್ನು ಟಿಕೆಟ್ ಮಾಡಿಸುವ ಮೊದಲೇ ಮಕ್ಕಳೊಂದಿಗೆ ಮಾತಾಡಿ. ಹೋದ ಮೇಲೆ ಮುನಿಸಿಕೊಳ್ಳುವುದಕ್ಕಿಂತ ಹೊರಡುವ ಮುನ್ನ ಆಡಿದ ಮಾತು ಮೇಲು. ವೀಸಾ ಇರುವುದು ನಿಮ್ಮ ಹೆಸರಿನಲ್ಲಿ. ದಿನಗಳ ಲೆಕ್ಕವೂ ನಿಮ್ಮ ಕೈಯಲ್ಲೇ ಇರಲಿ.